ಸತ್ಯಾಂಶ: ಊಜೊ ಬೆಳ್ಳಗಾದರೆ ಕಲಬೆರಕೆಯೇ?

‘ಗ್ರೀಸ್‌ನ ಊಜೊ ಮದ್ಯಕ್ಕೆ ನೀರು ಹಾಕಿದಾಗ ಹಾಲಿನಂತೆ ಬೆಳ್ಳಗಾದರೆ ಅದರಲ್ಲಿ ರಾಸಾಯನಿಕ ಬೆರೆತಿದೆ’ ಎಂಬ ಸಂದೇಶ ಮೊಬೈಲ್‌ಗಳಲ್ಲಿ ಸುತ್ತುತ್ತಿದೆ. ಇದು ಸುಳ್ಳು.

ಊಜೊಗೆ ಪರಿಮಳ ಕೊಡುವುದು ಸೋಂಪಿನ ಎಣ್ಣೆಯಲ್ಲಿರುವ ಅನೆಥೋಲ್. ಅದು ಆಲ್ಕೋಹಾಲ್‌ನಲ್ಲಿ ಚೆನ್ನಾಗಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ ಎನ್ನಬಹುದು. ಊಜೊದಲ್ಲಿ ಕನಿಷ್ಠ ಶೇ 37.5ರಷ್ಟು ಆಲ್ಕೋಹಾಲ್ ಇರಬೇಕೆಂಬುದು ಐರೋಪ್ಯ ಒಕ್ಕೂಟದ ನಿಯಮ. ಅಷ್ಟು ಆಲ್ಕೋಹಾಲ್ ಇದ್ದಾಗ ದ್ರವ ತಿಳಿಯಾಗಿರುತ್ತದೆ. ನೀರು ಬಿದ್ದೊಡನೆ ಎಣ್ಣೆ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಬೇರ್ಪಡುತ್ತದೆ, ಹನಿಗಳು ಬೆಳಕನ್ನು ಚದುರಿಸುತ್ತವೆ. ಲೋಟದೊಳಗೆ ಮೋಡ ಕವಿಯುವ ಆ ಕ್ಷಣ ನಿಜಕ್ಕೂ ಸುಂದರ! ವಿಜ್ಞಾನಿಗಳೂ ಇದನ್ನು ‘ಊಜೊ ಪರಿಣಾಮ’ ಎಂದೇ ಕರೆಯುತ್ತಾರೆ. ಟರ್ಕಿಯ ರಾಕಿ, ಫ್ರಾನ್ಸ್‌ನ ಪಾಸ್ತಿಸ್ ಕೂಡ ಹೀಗೆಯೇ ಬೆಳ್ಳಗಾಗುತ್ತವೆ.

ಗ್ರೀಸ್‌ನ ಲೆಸ್ಬೋಸ್ ದ್ವೀಪದ ಪ್ಲೊಮಾರಿ ಊಜೊಗೆ ಹೆಸರಾದ ಊರು. ಗ್ರೀಕರು ಆಲಿವ್, ಸುಟ್ಟ ಆಕ್ಟೋಪಸ್‌ನಂಥ ತಿನಿಸುಗಳೊಂದಿಗೆ ಇದನ್ನು ನಿಧಾನವಾಗಿ ಗುಟುಕರಿಸುತ್ತಾರೆ. ಮೊದಲು ನೀರು, ಆಮೇಲೆ ಐಸ್. ನೇರವಾಗಿ ಐಸ್ ಹಾಕಿದರೆ ಅನೆಥೋಲ್ ಹರಳುಗಟ್ಟಬಹುದು.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಕಲಬೆರಕೆ ಮದ್ಯದಲ್ಲಿರಬಹುದಾದ, ಪ್ರಾಣಕ್ಕೇ ಎರವಾಗುವ ವಿಷಕಾರಿ ಆಲ್ಕೋಹಾಲ್ ಮೆಥನಾಲ್ ಬಣ್ಣವಿಲ್ಲದ್ದು. ತಿಳಿಯಾಗಿರುವುದಾಗಲಿ ಬೆಳ್ಳಗಾಗುವುದಾಗಲಿ ಅದರ ಪರೀಕ್ಷೆಯಲ್ಲ. ಮುದ್ರೆಯಿಲ್ಲದ ಬಾಟಲಿಯನ್ನು ಮುಟ್ಟಲೇಬೇಡಿ.