ನನ್ನ 370 ಅಡಿ ಎಲ್ಲಿ?

ಮನೆ ಕಟ್ಟಿ ನೋಡು ಅಂದವರು ಬೆಂಗಳೂರಲ್ಲಿ ಫ್ಲ್ಯಾಟ್ ಕೊಂಡು ನೋಡಿರಲಿಲ್ಲ ಅನ್ನಿಸುತ್ತದೆ.

ನಾವು ದುಡ್ಡು ಕೊಟ್ಟಿದ್ದು 1,200 ಚದರಡಿಗೆ. ಗೃಹಪ್ರವೇಶ ಮುಗಿದ ಮೇಲೆ ಟೇಪು ಹಿಡಿದು ಅಳೆದರೆ ಒಳಗಿರುವುದು 830. ಮಿಕ್ಕಿದ್ದು? ಮೆಟ್ಟಿಲು, ಲಿಫ್ಟು, ಲಾಬಿಯಲ್ಲಿ ನಮ್ಮ ಪಾಲಂತೆ! ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ನಿಜಕ್ಕೂ ಬಳಸೋ ಜಾಗ, ಎಷ್ಟು ಅಂತ ಬಿಲ್ಡರು ಹೇಳಲೇಬೇಕು ಅನ್ನುತ್ತದೆ ಮನೆ ಕೊಳ್ಳುವವರನ್ನು ಕಾಯೋ 2016ರ ರೇರಾ ಕಾಯ್ದೆ. ಹೇಳಿದ್ದರು, ಸುಳ್ಳಲ್ಲ. ಬ್ರೋಷರಿನ ಕೊನೇ ಪುಟದಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ.

ಅಮ್ಮನ ಹಳೇ ಬೀರು ಹೇಗೋ ರೂಮಿನೊಳಗೆ ಬಂತು. ಈಗ ಅದರ ಬಾಗಿಲು ತೆಗೆದರೆ ಮಂಚಕ್ಕೆ ಬಡಿಯುತ್ತದೆ. ಸೀರೆ ಬೇಕಾದಾಗಲೆಲ್ಲ ಅಮ್ಮ ಮಂಚದ ಮೇಲೆ ಕೂತು, ಸಂದಿಯಲ್ಲಿ ಕೈ ತೂರಿಸಿ ತಡಕಾಡುತ್ತಾಳೆ. "ಬಾಡಿಗೆ ಮನೇನೇ ಚೆನ್ನಾಗಿತ್ತಲ್ಲೋ" ಅನ್ನುವುದು ಬೇರೆ.

ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ 2ಕ್ಕೆ ಏರಿತು. ನಮ್ಮ ರಿಜಿಸ್ಟ್ರೇಷನ್ ಸೆಪ್ಟೆಂಬರಿನಲ್ಲಿ. ನಮ್ಮ ಹಣೆಬರಹ! ಅದರ ಮೇಲೆ ಸ್ಟಾಂಪ್ ಡ್ಯೂಟಿ ಶೇ 5. ಹೋಗ್ಲಿ, ಅದಕ್ಕಾದರೂ ರಸೀದಿ ಇದೆ.

ಲಾಬಿಯಲ್ಲಿ ನನ್ನದೂ ಪಾಲಿದೆ ಅಲ್ವಾ, ಬೀರು ಅಲ್ಲೇ ಇಡ್ತೀನಿ ಅಂತ ನಿನ್ನೆ ಹೋದೆ. ಸೆಕ್ಯುರಿಟಿಯವನು ಬಿಡಲಿಲ್ಲ.