ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಜಿಮ್ಮಿ ಹೋಗನ್ ಬದುಕೇ ಅದು

ಫುಟ್‌ಬಾಲ್ ಆಟಗಾರರೊಬ್ಬರು ಬೇರೆ ದೇಶಕ್ಕೆ ಹೋಗಿ ಅಲ್ಲೇ ಕೋಚ್ ಆಗುತ್ತಾರೆ. ಮುಂದೊಂದು ದಿನ ಆ ದೇಶದ ತಂಡ ಅವರ ತಾಯ್ನಾಡನ್ನು ಸೋಲಿಸುತ್ತದೆ. ಆಗ ಜನ ಏನಂತಾರೆ? ‘ನಮ್ಮ ವಿದ್ಯೆ ಒಯ್ದು ಮಾರಿಕೊಂಡ’ ಅಂತಾರೆ, ‘ದ್ರೋಹಿ’ ಅಂತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮಾರಿಕೊಂಡ ಅನ್ನೋರು ಒಮ್ಮೆ ಜಿಮ್ಮಿ ಹೋಗನ್ ಕಥೆ ಕೇಳಬೇಕು.

ಹೋಗನ್ ಹುಟ್ಟಿದ್ದು 1882ರಲ್ಲಿ, ಇಂಗ್ಲೆಂಡಿನ ಲ್ಯಾಂಕಾಷೈರ್‌ನ ನೆಲ್ಸನ್ ಅನ್ನೋ ಗಿರಣಿ ಊರಿನಲ್ಲಿ. ಮಗ ಪಾದ್ರಿ ಆಗಲಿ ಅಂತ ಮನೆಯವರ ಆಸೆ. ಹುಡುಗ ಹಿಡಿದದ್ದು ಚೆಂಡನ್ನು. ಬರ್ನ್ಲಿ ಕ್ಲಬ್ಬಿಗೆ ಆಡುತ್ತಿದ್ದಾಗ ಒಂದು ಪಂದ್ಯದಲ್ಲಿ ಅವರು ಹೊಡೆದ ಚೆಂಡು ಗೋಲಿನ ಮೇಲಿಂದ ಹಾರಿಹೋಯಿತು. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಮರೆತುಬಿಡುತ್ತಿದ್ದರು. ಇವರು ಮ್ಯಾನೇಜರ್ ಹತ್ತಿರ ಹೋಗಿ ಕೇಳಿದರು: ಯಾಕೆ ಹೀಗಾಯಿತು? ಕಾಲು ಇಟ್ಟ ಜಾಗ ತಪ್ಪಾಯಿತಾ? ಮೈ ವಾಲಿದ್ದು ಜಾಸ್ತಿ ಆಯಿತಾ? ಸುಮ್ನೆ ಹೊಡೀತಾ ಇರು, ಹತ್ತಕ್ಕೆ ಒಂದು ಒಳಗೆ ಹೋದರೂ ಒಳ್ಳೆಯದೇ ಅನ್ನೋ ಅರ್ಥದ ಉತ್ತರ ಬಂತು. ಆ ಉತ್ತರ ಅವರಿಗೆ ಹಿಡಿಸಲಿಲ್ಲ. ಹತ್ತರಲ್ಲಿ ಒಂಬತ್ತು ಯಾಕೆ ತಪ್ಪುತ್ತವೆ ಅಂತ ತಿಳಿಯಬೇಕಿತ್ತು. ಇಡೀ ಬದುಕನ್ನು ಆ ಪ್ರಶ್ನೆಯ ಹಿಂದೆಯೇ ಕಳೆದರು ಅಂತ ನನಗನ್ನಿಸುತ್ತದೆ.

ಆ ಕಾಲದ ಇಂಗ್ಲಿಷ್ ಕ್ಲಬ್ಬುಗಳಲ್ಲಿ ತರಬೇತಿ ಅಂದರೆ ಓಟ, ನಡಿಗೆ, ಅಷ್ಟೇ. ವಾರವಿಡೀ ಆಟಗಾರರಿಗೆ ಚೆಂಡು ಕೊಡುತ್ತಿದ್ದದ್ದೇ ಕಡಿಮೆ. ಕೊಡದೆ ಇದ್ದರೆ ಶನಿವಾರದ ಪಂದ್ಯಕ್ಕೆ ಚೆಂಡಿನ ಹಸಿವು ಹೆಚ್ಚುತ್ತದೆ ಅನ್ನೋದು ಅವರ ಲೆಕ್ಕ! ಹೋಗನ್ ಇದನ್ನು ಒಪ್ಪಲಿಲ್ಲ. ಚೆಂಡು ಕಾಲಿಗೆ ಅಂಟಿದ ಹಾಗೆ ಇರಬೇಕು, ಅದಕ್ಕೆ ದಿನಾ ಚೆಂಡಿನ ಜೊತೆಗೇ ಕಳೆಯಬೇಕು ಅಂತ ಅವರ ನಂಬಿಕೆ. ಲಂಡನ್ನಿನ ಫುಲ್ಹಮ್ ಕ್ಲಬ್ಬಿನಲ್ಲಿದ್ದಾಗ ಸ್ಕಾಟ್ಲೆಂಡಿನ ಆಟಗಾರರು ಚೆಂಡನ್ನು ನೆಲದ ಮೇಲೆಯೇ ಒಬ್ಬರಿಂದೊಬ್ಬರಿಗೆ ದಾಟಿಸುವ ಪಾಸಿಂಗ್ ಆಟ ನೋಡಿ ಅದನ್ನು ಮನಸ್ಸಿಗೆ ಹಚ್ಚಿಕೊಂಡಿದ್ದರು.

ಮುಂದೆ ಬೋಲ್ಟನ್ ತಂಡದ ಜೊತೆ ಹಾಲೆಂಡ್ ಪ್ರವಾಸಕ್ಕೆ ಹೋದರು. ಅಲ್ಲಿ ಡಾರ್ಡ್ರೆಕ್ಟ್ ತಂಡವನ್ನು 10-0ರಿಂದ ಸೋಲಿಸಿದರು. ಹತ್ತು ಗೋಲು ಹಾಕಿದವರು ನಕ್ಕು ಮನೆಗೆ ಹೋಗುತ್ತಾರೆ, ಅಲ್ವಾ? ಹೋಗನ್ ಮಾತ್ರ, ವಾಪಸ್ ಬಂದು ಇವರಿಗೆ ಸರಿಯಾಗಿ ಆಡೋದು ಕಲಿಸುತ್ತೇನೆ ಅಂತ ಮನಸ್ಸು ಮಾಡಿದರು. 1910ರಲ್ಲಿ, ಇನ್ನೂ ಮೂವತ್ತೂ ಆಗಿರದ ವಯಸ್ಸಿನಲ್ಲಿ, ಅದೇ ಡಾರ್ಡ್ರೆಕ್ಟ್‌ಗೆ ಕೋಚ್ ಆಗಿ ಹೋದರು.

1912ರಲ್ಲಿ ಆಸ್ಟ್ರಿಯಾದ ಫುಟ್‌ಬಾಲ್ ಸಂಘಟಕ ಹ್ಯೂಗೊ ಮೈಸ್ಲ್ ಹೋಗನ್‌ರನ್ನು ವಿಯೆನ್ನಾಕ್ಕೆ ಕರೆಸಿಕೊಂಡರು. ಮೊದಲ ತರಬೇತಿಯೇ ಕೈಕೊಟ್ಟಿತು, ತೀರಾ ಸರಳ ಅಂತ ಆಟಗಾರರಿಗೆ ರುಚಿಸಲಿಲ್ಲ. ಇಬ್ಬರೂ ಕೂತು ಮಾತಾಡಿ ರೀತಿ ಬದಲಿಸಿದರು. ಇದು ನನಗೆ ತುಂಬಾ ಇಷ್ಟವಾದ ವಿಷಯ. ಕಲಿಸೋಕೆ ಹೋದವರು ಮೊದಲು ತಾವೇ ಕಲಿತರು.

ಆಮೇಲೆ 1914 ಬಂತು. ಮಹಾಯುದ್ಧ ಶುರುವಾದ ಕೂಡಲೇ ಶತ್ರು ದೇಶದವರು ಅಂತ ಹೋಗನ್‌ರನ್ನು ವಿಯೆನ್ನಾದಲ್ಲಿ ಬಂಧಿಸಿದರು. ಹೆಂಡತಿ ಮಕ್ಕಳು 1915ರಲ್ಲಿ ಇಂಗ್ಲೆಂಡಿಗೆ ಹೊರಟರು, ಇವರು ಉಳಿದರು. ಅಲ್ಲಿದ್ದ ಬ್ಲೈತ್ ಅನ್ನೋ ಅಣ್ಣತಮ್ಮಂದಿರು ಜಾಮೀನು ನಿಂತು ಇವರನ್ನು ಬಿಡಿಸಿಕೊಂಡರು. ಇವರು ಅವರ ಮನೆಯಲ್ಲಿ ಸಣ್ಣಪುಟ್ಟ ಕೆಲಸ ಮಾಡಿಕೊಂಡು, ಮಕ್ಕಳಿಗೆ ಟೆನಿಸ್ ಹೇಳಿಕೊಡುತ್ತಾ ಇದ್ದರು. ನಂತರ ಹಂಗೆರಿಯ ಬುಡಾಪೆಸ್ಟ್‌ನ ಎಂಟಿಕೆ ಕ್ಲಬ್ಬು ಅವರನ್ನು ಕರೆಸಿಕೊಂಡಿತು. ಪೊಲೀಸರ ಮುಂದೆ ಹಾಜರಿ ಹಾಕುತ್ತಲೇ ಕೋಚ್ ಕೆಲಸ ಮಾಡಬೇಕಿತ್ತು. ಯುದ್ಧದಿಂದಾಗಿ ಹಿರಿಯ ಆಟಗಾರರು ಕಡಿಮೆ, ಹುಡುಗರನ್ನೇ ಹುಡುಕಬೇಕು. ಒಂದು ಪಾರ್ಕಿನಲ್ಲಿ ಆಡುತ್ತಿದ್ದ ಜ್ಯೋರ್ಜ್ ಓರ್ಟ್, ಯೋಝೆಫ್ ಬ್ರೌನ್ ಅನ್ನೋ ಇಬ್ಬರು ಹುಡುಗರು ಅವರ ಕಣ್ಣಿಗೆ ಬಿದ್ದರು. ಶಾಲೆ ಬಿಟ್ಟ ಮೇಲೆ ದಿನಾ ಅವರಿಗೆ ಪಾಠ. ಇಬ್ಬರೂ ಹಂಗೆರಿಯ ದೊಡ್ಡ ಆಟಗಾರರಾದರು. 1916-17ರಿಂದ ಎಂಟಿಕೆ ಸತತ ಒಂಬತ್ತು ಸಲ ಲೀಗ್ ಗೆದ್ದಿತು.

ಎಲ್ಲ ಹೋಗನ್ ಒಬ್ಬರೇ ಮಾಡಿದ್ದು ಅಂತ ನಾನು ಹೇಳೋದಿಲ್ಲ. ಅವರು 1918ರಲ್ಲೇ ಅಲ್ಲಿಂದ ಹೊರಟರು. ಅವರಿಗಿಂತ ಮೊದಲೇ ಜಾನ್ ಟೇಟ್ ರಾಬರ್ಟ್‌ಸನ್ ಅನ್ನೋ ಸ್ಕಾಟ್ಲೆಂಡಿನವರು ಎಂಟಿಕೆಯಲ್ಲಿ ಪಾಸಿಂಗ್ ಆಟ ಕಲಿಸಿ ಹೋಗಿದ್ದರು. ಹಂಗೆರಿಯವರ ಸ್ವಂತ ಬುದ್ಧಿಯೂ ಕಡಿಮೆಯಲ್ಲ. ಬೀಜ ಎಷ್ಟೇ ಚೆನ್ನಾಗಿದ್ದರೂ ನೆಲ ಹದವಾಗಿರಬೇಕಲ್ಲ.

ಈಗ ನನ್ನ ಹೊಟ್ಟೆ ಉರಿಸುವ ಸಂಗತಿಗೆ ಬರುತ್ತೇನೆ. ಯುದ್ಧ ಮುಗಿದ ಮೇಲೆ ಹೋಗನ್ ಕೈ ಖಾಲಿ ಮಾಡಿಕೊಂಡು ಇಂಗ್ಲೆಂಡಿಗೆ ಬಂದರು. ಯುದ್ಧದಿಂದ ಕಷ್ಟಕ್ಕೆ ಬಿದ್ದ ಆಟಗಾರರಿಗೆ ಫುಟ್‌ಬಾಲ್ ಅಸೋಸಿಯೇಷನ್ ನೆರವು ಕೊಡುತ್ತಿದೆ ಅಂತ ಯಾರೋ ಹೇಳಿದರು. ಐದು ಪೌಂಡ್ ಸಾಲ ಮಾಡಿ ಲಂಡನ್ನಿಗೆ ಹೋದರು. ಅಲ್ಲಿನ ಕಾರ್ಯದರ್ಶಿ ಅವರ ಕೈಗೆ ಕೊಟ್ಟದ್ದು ಖಾಕಿ ಕಾಲುಚೀಲ. ರಣರಂಗದಲ್ಲಿದ್ದ ನಮ್ಮ ಹುಡುಗರಿಗೆ ಇವು ಸಿಕ್ಕಿದ್ದೇ ಖುಷಿಯಾಗಿತ್ತು ಅನ್ನೋ ಮಾತು ಬೇರೆ. ಯುದ್ಧ ಮಾಡದೆ ಶತ್ರು ದೇಶದಲ್ಲಿ ಚೆಂಡಾಡುತ್ತಿದ್ದೆ ಅನ್ನೋ ಚುಚ್ಚು ಅದರಲ್ಲಿತ್ತು. ಹೋಗನ್ ಈ ಅವಮಾನವನ್ನು ಮರೆಯಲಿಲ್ಲ. ಮರೆಯೋದಾದರೂ ಹೇಗೆ? ಅಲ್ಲಿ ಬಂಧನ, ಇಲ್ಲಿ ಕಾಲುಚೀಲ.

ಮತ್ತೆ ಯುರೋಪಿಗೆ ಹೊರಟರು. ಸ್ವಿಟ್ಜರ್ಲೆಂಡ್, ಮತ್ತೊಮ್ಮೆ ಬುಡಾಪೆಸ್ಟ್, ಜರ್ಮನಿ. ಡ್ರೆಸ್ಡನ್‌ನ ಒಂದು ಉಪನ್ಯಾಸದಲ್ಲಿ ಅವರ ಹರುಕುಮುರುಕು ಜರ್ಮನ್ ಕೇಳಿ ಸಭೆ ನಕ್ಕಿತಂತೆ. ಹೋಗನ್ ಒಳಗೆ ಹೋಗಿ ಬೋಲ್ಟನ್ ಅಂಗಿ ಚಡ್ಡಿ ಹಾಕಿಕೊಂಡು ಬಂದರು. ಬೂಟು ಬಿಚ್ಚಿದರು. ಬರಿಗಾಲಿನಲ್ಲಿ ಚೆಂಡು ಹೊಡೆದು ದೂರದಲ್ಲಿದ್ದ ಮರದ ಹಲಗೆಯನ್ನು ಸೀಳಿಬಿಟ್ಟರು. ಆಮೇಲೆ ಭಾಷೆಯ ಬಗ್ಗೆ ಯಾರು ಮಾತಾಡುತ್ತಾರೆ? ಆ ಡ್ರೆಸ್ಡನ್‌ನಲ್ಲಿ ಅವರ ಕೈಕೆಳಗೆ ಕಲಿತ ಹುಡುಗರಲ್ಲಿ ಹೆಲ್ಮುಟ್ ಶೋನ್ ಒಬ್ಬರು. 1974ರಲ್ಲಿ ಪಶ್ಚಿಮ ಜರ್ಮನಿ ವಿಶ್ವಕಪ್ ಗೆದ್ದಾಗ ಕೋಚ್ ಆಗಿದ್ದವರು ಇವರೇ.

1934ರಲ್ಲಿ ಅವರ ಹಳೆಯ ಫುಲ್ಹಮ್ ಕ್ಲಬ್ಬು ಮ್ಯಾನೇಜರ್ ಕೆಲಸ ಕೊಟ್ಟಿತು. ಒಂದು ಸೀಸನ್ ಕೂಡ ಪೂರ್ತಿ ಆಗಲಿಲ್ಲ. ಅಪೆಂಡಿಕ್ಸ್ ಆಪರೇಷನ್ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಕೆಲಸದಿಂದ ತೆಗೆದರು. ಪಳಗಿದ ಆಟಗಾರರಿಗೆ ಕೋಚಿಂಗ್ ಯಾಕೆ ಅನ್ನೋ ಧೋರಣೆ. ಅಲ್ಲಿಂದ ಎರಡೇ ವರ್ಷಕ್ಕೆ, 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಅವರು ತಯಾರು ಮಾಡಿದ ಆಸ್ಟ್ರಿಯಾ ತಂಡ ಫೈನಲ್‌ವರೆಗೆ ಹೋಗಿ ಬೆಳ್ಳಿ ಗೆದ್ದಿತು. ಇಂಗ್ಲೆಂಡಿನಲ್ಲಿ ಆಸ್ಟನ್ ವಿಲ್ಲಾ ಮಾತ್ರ ಅವರ ಮಾತಿಗೆ ಕಿವಿಗೊಟ್ಟಿತು ಅನ್ನಬಹುದು. ಅವರು ಮ್ಯಾನೇಜರ್ ಆಗಿದ್ದಾಗ, 1938ರಲ್ಲಿ, ಅದು ಎರಡನೇ ಡಿವಿಜನ್ ಗೆದ್ದು ಮೊದಲ ಡಿವಿಜನ್‌ಗೆ ಬಂತು.

ಇನ್ನು 1953ರ ನವೆಂಬರ್ 25. ವೆಂಬ್ಲಿ ಮೈದಾನ, ಇಂಗ್ಲೆಂಡಿಗೆ ಎದುರು ಹಂಗೆರಿ. ಆ ಕಪ್ಪುಬಿಳುಪು ವಿಡಿಯೊವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಮೊದಲ ನಿಮಿಷದಲ್ಲೇ ಹಂಗೆರಿಯ ಹಿಡೆಗ್ಕುಟಿ ಗೋಲು. ಆಮೇಲೆ ಹಂಗೆರಿ ನಾಯಕ ಪುಸ್ಕಾಸ್ ಅವರ ಆ ಗೋಲು. ಗೋಲಿನ ಬಲಬದಿಯಲ್ಲಿ ಚೆಂಡು ಸಿಗುತ್ತದೆ. ಇಂಗ್ಲೆಂಡ್ ನಾಯಕ ಬಿಲ್ಲಿ ರೈಟ್ ರಭಸದಿಂದ ಜಾರಿಕೊಂಡು ನುಗ್ಗುತ್ತಾರೆ. ಪುಸ್ಕಾಸ್ ಎಡ ಅಂಗಾಲನ್ನು ಚೆಂಡಿನ ಮೇಲಿಟ್ಟು ಹಿಂದಕ್ಕೆ ಎಳೆಯುತ್ತಾರೆ, ಅಷ್ಟೇ. ಚೆಂಡು ಇದ್ದ ಜಾಗದಲ್ಲಿ ಈಗ ಬರೀ ಹುಲ್ಲು. ರೈಟ್ ಅದರ ಮೇಲೆ ಜಾರಿ ಆಚೆ ಹೋಗುತ್ತಾರೆ, ಚೆಂಡು ಬಲೆಯೊಳಗೆ. ಪಂದ್ಯ ಮುಗಿದಾಗ 6-3. ಹಿಡೆಗ್ಕುಟಿಯವರದ್ದೇ ಮೂರು ಗೋಲು, ಅವರು ಆಡುತ್ತಿದ್ದದ್ದು ಅದೇ ಎಂಟಿಕೆಗೆ, ಆಗ ಅದರ ಹೆಸರು ಬೇರೆ ಇತ್ತು ಅಷ್ಟೇ. ಆರು ತಿಂಗಳಾದ ಮೇಲೆ ಬುಡಾಪೆಸ್ಟ್‌ನಲ್ಲಿ ಇಂಗ್ಲೆಂಡ್ 7-1ರಿಂದ ಸೋತಿತು.

ಹಂಗೆರಿ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷ ಶಾಂಡೋರ್ ಬಾರ್ಚ್ ಆಗ ಹೇಳಿದ್ದು, ನಮಗೆ ಗೊತ್ತಿರೋ ಫುಟ್‌ಬಾಲ್ ಎಲ್ಲ ಕಲಿಸಿದ್ದು ಜಿಮ್ಮಿ ಹೋಗನ್ ಅಂತ. ತಂಡದ ಕೋಚ್ ಗುಸ್ಟಾವ್ ಶೆಬೆಶ್ ಕೂಡ ಅವರ ಹೆಸರನ್ನು ಚಿನ್ನದ ಅಕ್ಷರದಲ್ಲಿ ಬರೆಯಬೇಕು ಅಂದರು. ಆ ಹೊಗಳಿಕೆಯೇ ಇಂಗ್ಲೆಂಡಿನಲ್ಲಿ ಕೆಲವರಿಗೆ ದ್ರೋಹದ ಸಾಕ್ಷಿಯಾಗಿ ಕಂಡಿತು.

ಯಾವ ದ್ರೋಹ ಸ್ವಾಮಿ? ಅವರು ಏನನ್ನೂ ಬಚ್ಚಿಟ್ಟುಕೊಂಡು ಹೋಗಿರಲಿಲ್ಲ. ಬರ್ನ್ಲಿಯಲ್ಲಿ ಕೇಳಿದರು, ಹೊಡೀತಾ ಇರು ಅಂದರು. ಫುಲ್ಹಮ್‌ನಲ್ಲಿ ಹೇಳಿದರು, ಮನೆಗೆ ಕಳಿಸಿದರು. ಮುದಿ ವಯಸ್ಸಿನಲ್ಲಿ ಸ್ಕಾಟ್ಲೆಂಡಿನ ಸೆಲ್ಟಿಕ್‌ನಲ್ಲೂ ಕಲಿಸುತ್ತಲೇ ಇದ್ದರು. ಫುಟ್‌ಬಾಲ್ ಅಂದರೆ ವಿಯೆನ್ನಾದ ವಾಲ್ಟ್ಸ್ ನೃತ್ಯದ ಹಾಗೆ, ಒಂದು ಎರಡು ಮೂರು, ಪಾಸ್ ಕೊಡು, ಜಾಗ ಬದಲಿಸು, ಮತ್ತೆ ಪಾಸ್ ಕೊಡು ಅಂತ ಅವರು ಹೇಳುತ್ತಿದ್ದದ್ದನ್ನು ಆಗ ಸೆಲ್ಟಿಕ್‌ನಲ್ಲಿ ಆಡುತ್ತಿದ್ದ ಟಾಮಿ ಡೊಚರ್ಟಿ ಎಷ್ಟೋ ವರ್ಷ ಆದಮೇಲೂ ನೆನೆಸಿಕೊಳ್ಳುತ್ತಿದ್ದರು. ಕೇಳೋರು ಇದ್ದ ಕಡೆ ಹೇಳಿದರು. ಇದು ತಪ್ಪಾದರೆ ಪಾಠ ಹೇಳುವುದೇ ತಪ್ಪು.

ಆ 1953ರ ದಿನ ಹೋಗನ್ ವೆಂಬ್ಲಿಯಲ್ಲೇ ಇದ್ದರು. ವಯಸ್ಸು 71. ಆಸ್ಟನ್ ವಿಲ್ಲಾದ ಎಳೆಯ ಹುಡುಗರನ್ನು ಕರೆದುಕೊಂಡು ಬಂದು, ಆಟ ಹೇಗೆ ಆಡಬೇಕು ನೋಡಿ ಅಂತ ಪ್ರೇಕ್ಷಕರ ನಡುವೆ ಕೂತಿದ್ದರು. ವಿಡಿಯೊದಲ್ಲಿ ಕ್ಯಾಮೆರಾ ಜನರ ಕಡೆ ತಿರುಗಿದಾಗಲೆಲ್ಲ ನಾನು ಅವರನ್ನು ಹುಡುಕುತ್ತೇನೆ. ಒಂದು ಲಕ್ಷ ಜನರ ಮಧ್ಯೆ ಎಲ್ಲಿ ಸಿಗುತ್ತಾರೆ? ಆದರೂ ಪ್ರತಿ ಸಲ ಹುಡುಕುತ್ತೇನೆ.