ಬಾಕಿ ಇದ್ದದ್ದೇ ನೆನಪು

ನಮ್ಮ ಭಾವನ ನೆನಪಿನ ಶಕ್ತಿ ಸಾಮಾನ್ಯದ್ದಲ್ಲ. ಎಷ್ಟೋ ವರ್ಷಗಳ ಹಿಂದೆ ಕಾರ್ಕಳದ ಒಂದು ಮದುವೆಯಲ್ಲಿ ಎರಡನೇ ಸಲ ಹೋಳಿಗೆ ತಂದವ ಇವರ ಎಲೆ ದಾಟಿ ಮುಂದೆ ಹೋದನಂತೆ. ಅವನ ಹೆಗಲ ಮೇಲಿನ ಶಾಲಿನ ಅಂಚಿನ ಬಣ್ಣವೂ ಭಾವನಿಗೆ ನೆನಪಿದೆ. ಮದುವೆ ಯಾರದ್ದು ಎಂದು ಕೇಳಿ ನೋಡಿ. "ಯಾರದ್ದೋ, ನಮ್ಮವರದ್ದೇ" ಎನ್ನುತ್ತಾರೆ.

ಇದಕ್ಕೆ ಶಾಸ್ತ್ರಾಧಾರ ಇದೆ. ಬರ್ಲಿನ್‌ನಲ್ಲಿ ಮನಶ್ಶಾಸ್ತ್ರ ಓದುತ್ತಿದ್ದ ಬ್ಲೂಮಾ ಝೈಗಾರ್ನಿಕ್ ಎಂಬಾಕೆ 1927ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಜನರಿಗೆ ಸಣ್ಣಪುಟ್ಟ ಕೆಲಸ ಕೊಡುವುದು, ಕೆಲವನ್ನು ಅರ್ಧದಲ್ಲೇ ನಿಲ್ಲಿಸಿಬಿಡುವುದು. ಆಮೇಲೆ ವಿಚಾರಿಸಿದರೆ ಮುಗಿಸಿದ್ದಕ್ಕಿಂತ ಅರ್ಧಕ್ಕೆ ನಿಂತದ್ದೇ ಜಾಸ್ತಿ ನೆನಪು! ಇದಕ್ಕೆಲ್ಲ ಮೂಲ ಹೋಟೆಲಿನ ಸಪ್ಲಾಯರ್ ಎಂದು ಹೇಳುತ್ತಾರೆ. ಬಿಲ್ ಪಾವತಿ ಆಗುವ ತನಕ ಅವನಿಗೆ ಆರ್ಡರ್ ಎಲ್ಲ ಬಾಯಿಪಾಠ. ದುಡ್ಡು ಬಂತು, ಮರೆತೂ ಹೋಯಿತು. ಆಮೇಲೆ ಈ ಪ್ರಯೋಗ ಮಾಡಿದ ಎಲ್ಲರಿಗೂ ಇದೇ ಫಲ ಸಿಗಲಿಲ್ಲ. ಅವರು ಉಡುಪಿಗೆ ಬರಬೇಕಿತ್ತು.

ಭಾವನ ಕೊಡೆಯನ್ನೇ ನೋಡಿ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಬಸ್ ಹತ್ತುವಾಗ ಜಡಿಮಳೆ. ನೀರು ಸೋರುವ ಕೊಡೆಯನ್ನು ಮುಂದಿನ ಸೀಟಿನ ಸರಳಿಗೆ ಸಿಕ್ಕಿಸುತ್ತಾರೆ. ಮುಲ್ಕಿ ತನಕ ಅದರ ಮೇಲೇ ಕಣ್ಣು. ಪಡುಬಿದ್ರಿಯಲ್ಲಿ ಮಳೆ ಬಿಟ್ಟಿತೋ, ಕೊಡೆಯ ಬಿಲ್ ಪಾವತಿ ಆಯಿತು. ಉಡುಪಿಯಲ್ಲಿ ಇಳಿದದ್ದೇ ಕಂಡಕ್ಟರ್ ಎರಡು ರೂಪಾಯಿ ಚಿಲ್ಲರೆ ಬಾಕಿ ಇಟ್ಟದ್ದು ನೆನಪಾಗುತ್ತದೆ. ಬಸ್ಸಿನ ಹಿಂದೆ ಓಡುತ್ತಾರೆ. ವಸೂಲಿ ಮಾಡಿಕೊಂಡು ಗೆದ್ದ ಮುಖದಲ್ಲಿ ವಾಪಸ್ ಬರುತ್ತಾರೆ. ಕೊಡೆ ಕುಂದಾಪುರಕ್ಕೆ ಹೋಗುತ್ತದೆ.

ಅಕ್ಕ ಬೈಯುವುದನ್ನು ಬಿಟ್ಟಿದ್ದಾಳೆ. ಈಗ ಮಳೆಗಾಲಕ್ಕೆ ಮೊದಲೇ ಅಗ್ಗದ ಕೊಡೆಗಳನ್ನು ಒಟ್ಟಿಗೇ ತಂದಿಡುತ್ತಾಳೆ. ಜಾಣೆ.

ನನ್ನ ತಕರಾರು ಬೇರೆ. ಹೋದ ವಿಟ್ಲಪಿಂಡಿ ದಿನ, ಅಂದರೆ ಕೃಷ್ಣಾಷ್ಟಮಿಯ ಮರುದಿನ, ಉಡುಪಿಯ ರಥಬೀದಿಯಲ್ಲಿ ಭಾವ ನನ್ನಿಂದ ಐನೂರು ರೂಪಾಯಿ ತೆಗೆದುಕೊಂಡಿದ್ದರು. ಶಾಸ್ತ್ರದ ಪ್ರಕಾರ ಕೊಡದೆ ಉಳಿದ ಸಾಲ ತಲೆಯಲ್ಲಿ ಕೊರೆಯಬೇಕು ಅಲ್ವಾ? ಕೊರೆಯುತ್ತಿದೆ, ನನ್ನ ತಲೆಯಲ್ಲಿ. ಪುನಃ ಓದಿದ ಮೇಲೆ ಗೊತ್ತಾಯಿತು, ಬಿಲ್ ನೆನಪಿದ್ದದ್ದು ಸಪ್ಲಾಯರ್‌ಗೆ. ಗಿರಾಕಿಗೂ ನೆನಪಿತ್ತು ಎಂದು ಯಾರೂ ಹೇಳಿಲ್ಲ!

ಮೊನ್ನೆ ಧೈರ್ಯ ಮಾಡಿ ಕೇಳಿಯೇಬಿಟ್ಟೆ. ಭಾವ ಸ್ವಲ್ಪ ಹೊತ್ತು ಮನೆಯ ಮಾಡು ನೋಡಿದರು.

"ಐನೂರು ಎಂತದ್ದು ಮಾರಾಯ, ನನಗೆ ನೆನಪಿಲ್ಲ. ಆದರೆ ನೀನು ಕಾಲೇಜಿನಲ್ಲಿರುವಾಗ ಗಡ್‌ಬಡ್ ಐಸ್‌ಕ್ರೀಂ ತಿಂದದ್ದು ನೆನಪಿದೆ. ನಿನ್ನ ಇಬ್ಬರು ದೋಸ್ತಿಗಳಿಗೂ ನಾನೇ ಕೊಡಿಸಿದ್ದು. ಕನ್ನಡಕದವ ಜೆಲ್ಲಿ ಬಿಟ್ಟು ಎದ್ದು ಹೋದ."

ಅಲ್ಲಿಂದ ಶುರುವಾಯಿತು. ಬಸ್ ಟಿಕೆಟ್, ಬನ್ಸ್, ರಾತ್ರಿಯಿಡೀ ನೋಡಿದ ಯಕ್ಷಗಾನ ಆಟದ ನಡುವೆ ಕುಡಿದ ಚಾ. ಒಂದೂ ಬಿಡಲಿಲ್ಲ. ಕೊನೆಗೆ ನಾನೇ ಅವರಿಗೆ ಇನ್ನೂರು ರೂಪಾಯಿ ಕೊಡಬೇಕು ಎಂದಾಯಿತು.

ಒಳಗಿನಿಂದ ಅಕ್ಕ ಕೂಗಿದಳು. "ಕೊಟ್ಟುಬಿಡು ಮಾರಾಯ. ಆಗಲಾದರೂ ಅವರಿಗೆ ಮರೆತು ಹೋಗ್ತದೆ."